ಹಿತ್ತಲಿನ ಮೂಲಂಗಿ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮ ಜನರಿಗೆ ಎಷ್ಟು ಒಪ್ಪುವುದೆಂಬುದನ್ನು ಅರಿಯಬೇಕಾದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಪ್ರಾಂತದಲ್ಲಿ ಸಂಚರಿಸಬೇಕು. ಇಲ್ಲಿಯ ರೈತನು ದೂರದ ರಾಜ್ಯಗಳಿಗೆ ಲಾರಿಗಟ್ಟಲೆ ಟೊಮೇಟೊ ಕಳುಹಿಸುವನು. ಆದರೆ ತನ್ನ ಮನೆಯ ಮುದ್ದೆಗೆ ಬೇಕಾದ ಮೂಲಂಗಿಯನ್ನು ಸಂತೆಯಲ್ಲಿ ಕೊಂಡು ತರುವ ರೈತ ಕುಟುಂಬಗಳು ಎಷ್ಟೋ ಇವೆ. ಟೊಮೇಟೊ ಬೆಲೆ ಕುಸಿದು ಹಣ್ಣನ್ನು ಬೀದಿಗೆ ಸುರಿಯುವ ದಿನ ಆ ಮನೆಗೆ ಹಣವೂ ಇಲ್ಲ, ಕಾಯಿಪಲ್ಲೆಯೂ ಇಲ್ಲ. ಊರಿಗೆಲ್ಲ ಉಣಿಸುವವನು ತಾನೇ ಪರಾಧೀನನಾಗುವುದು ಸ್ವಾತಂತ್ರ್ಯದ ಲಕ್ಷಣವಲ್ಲ.

ನೀರಿಲ್ಲವೆಂಬ ಉತ್ತರ ಕೂಡಲೇ ಬರುವುದು. ಈ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲವೆಂಬುದು ನಿಜ. ಆದುದರಿಂದಲೇ ನಮ್ಮ ಪೂರ್ವಿಕರು ಊರೂರಿಗೆ ಕೆರೆ ಕಟ್ಟಿದರು. ನಾವಾದರೋ ಕೆರೆಯ ಹೂಳನ್ನು ಮರೆತು, ಸಾವಿರ ಅಡಿಗಳನ್ನೂ ಮೀರಿ ಕೊಳವೆ ಬಾವಿಗಳನ್ನು ಕೊರೆದೆವು. ಆದರೂ ಹಿತ್ತಲಿನ ಒಂದು ಪಾತಿಗೆ ಕೊಳವೆ ಬಾವಿಯೇ ಬೇಕಿಲ್ಲ. ನಾಲ್ಕಡಿ ಅಗಲ, ಹತ್ತಡಿ ಉದ್ದದ ಪಾತಿಗೆ ದಿನಕ್ಕೆ ಎರಡು ಬಿಂದಿಗೆ ನೀರು ಸಾಮಾನ್ಯವಾಗಿ ಸಾಕು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರೇ ಅದರ ಬಹುಭಾಗವನ್ನು ಒದಗಿಸುವುದು.

ವ್ಯವಸಾಯ ಕ್ರಮವೂ ಕಠಿಣವಲ್ಲ. ಈ ಸೀಮೆಯ ಕೆಂಪು ಮಣ್ಣನ್ನು ಒಂದಡಿ ಆಳಕ್ಕೆ ಅಗೆದು ಕಲ್ಲುಗಳನ್ನು ಆರಿಸತಕ್ಕದ್ದು. ಕಲ್ಲು ತಗುಲಿದ ಗೆಡ್ಡೆ ಕವಲೊಡೆಯುವುದು. ಹಸಿ ಗೊಬ್ಬರದಿಂದಲೂ ಅದೇ ದೋಷ; ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೇ ಹಾಕಬೇಕು. ಸಾಲಿಗೂ ಸಾಲಿಗೂ ಒಂದಡಿ ಬಿಟ್ಟು, ಅರ್ಧ ಅಂಗುಲ ಆಳದಲ್ಲಿ ಬೀಜವನ್ನು ಬಿತ್ತಿ, ಮೊಳೆತ ಮೇಲೆ ನಾಲ್ಕು ಅಂಗುಲಕ್ಕೆ ಒಂದರಂತೆ ಉಳಿಸಿ ಮಿಕ್ಕವನ್ನು ಕೀಳತಕ್ಕದ್ದು. ಕಿತ್ತ ಸಸಿಗಳೇ ಮೊದಲ ಸೊಪ್ಪು. ಬೇಸಗೆಗೆ ಪೂಸಾ ಚೇತಕಿ ತಳಿಯು ಒಗ್ಗುವುದು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಶಾಂತ್ ತಳಿಯಲ್ಲಿ ಗೆಡ್ಡೆ ಬೆಂಡಾಗುವುದು ಕಡಮೆ. ನೀರು ಒಂದು ದಿನ ಅತಿಯಾಗಿ, ಮೂರು ದಿನ ಇಲ್ಲದಂತಾದರೆ ಗೆಡ್ಡೆ ಬಿರಿದು ಖಾರವಾಗುವುದು. ನಲವತ್ತರಿಂದ ಐವತ್ತು ದಿನಗಳಲ್ಲಿ ಫಲ ಸಿದ್ಧ. ಹದಿನೈದು ದಿನಕ್ಕೊಮ್ಮೆ ಎರಡೆರಡು ಸಾಲು ಬಿತ್ತಿದರೆ ಅಡಿಗೆಮನೆ ಬರಿದಾಗದು. ಸೊಪ್ಪನ್ನು ಬಿಸುಡುವವರು ಪೋಷಕಾಂಶಗಳ ದೊಡ್ಡ ಪಾಲನ್ನೇ ಬಿಸುಡುವರು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾಗದು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಈ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲವು ಏರಲೆಂಬುದು ಅದರ ಉದ್ದೇಶ. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ಜಿಲ್ಲೆಯ ಹೋರಾಟಗಾರರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಮೂಲಂಗಿಯು ಮಣ್ಣಿನೊಳಗೆ ಬೆಳೆಯುವ ಗೆಡ್ಡೆ. ಅದನ್ನು ಕೋಸಂಬರಿಯಲ್ಲಿ ಹಸಿಯಾಗಿಯೇ ತಿನ್ನುವೆವು. ಆದುದರಿಂದ ಆ ಕೆರೆಗಳ ನೀರನ್ನು ನೇರವಾಗಿ ಪಾತಿಗೆ ಹಾಯಿಸುವುದು ವಿವೇಕವಲ್ಲ. ನಗರವು ತನ್ನ ಕೊಳೆಯನ್ನು ಸಂಪೂರ್ಣವಾಗಿ ತೊಳೆದು ಕಳುಹಿಸಲೆಂದು ಕೇಳುವುದು ಹಳ್ಳಿಗನ ಹಕ್ಕು, ಭಿಕ್ಷೆಯಲ್ಲ.

ಸರಕಾರವು ತನ್ನ ಕರ್ತವ್ಯವನ್ನು ಮಾಡಲಿ. ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಾದುದಿಲ್ಲ. ಮನೆಯ ಹಿಂದೆ ನಲವತ್ತು ಚದರಡಿ ನೆಲ, ಒಂದು ಗುದ್ದಲಿ, ಒಂದು ಹಿಡಿ ಬೀಜ, ಇಷ್ಟಕ್ಕೆ ಯಾರ ಅಪ್ಪಣೆಯೂ ಬೇಡ. ಈ ವಾರವೇ ಒಂದು ಸಾಲು ಬಿತ್ತಿರಿ.