ಮರಳಿನಿಂದೆದ್ದ ರಥ

ಕರ್ಣನ ರಥದ ಗಾಲಿಯನ್ನು ನುಂಗಿದ ನೆಲ ಅದನ್ನು ಬಿಟ್ಟುಕೊಡಲಿಲ್ಲ. ವೇಲ್ಸ್ ನಾಡಿನ ಪೆಂಡೈನ್ ಕಡಲತೀರವಾದರೋ ತನ್ನ ಮರಳಿನಲ್ಲಿ ಹುದುಗಿದ್ದ ರಥವೊಂದನ್ನು 42 ವರ್ಷಗಳ ತರುವಾಯ ಹಿಂದಿರುಗಿಸಿತು. ಆ ಓಟದ ಕಾರಿನ ಹೆಸರು ‘ಬ್ಯಾಬ್ಸ್’.

27 ಲೀಟರಿನ ವಿಮಾನದ ಇಂಜಿನನ್ನು ಹೊತ್ತ ಈ ಕಾರಿನಲ್ಲಿ ಪ್ಯಾರಿ ಥಾಮಸರು 1926ರ ಏಪ್ರಿಲಿನಲ್ಲಿ ಗಂಟೆಗೆ 171 ಮೈಲಿ ವೇಗದ ದಾಖಲೆ ಸ್ಥಾಪಿಸಿದರು. ಮರುವರ್ಷದ ಫೆಬ್ರವರಿಯಲ್ಲಿ ಮಾಲ್ಕಂ ಕ್ಯಾಂಪ್‌ಬೆಲ್ ಅದನ್ನು ಮೀರಿದರು. ಕಳೆದ ಕೀರ್ತಿಯನ್ನು ಮರಳಿ ಗಳಿಸಹೊರಟ ಥಾಮಸರು 1927ರ ಮಾರ್ಚ್ 3ರಂದು ಅದೇ ತೀರದಲ್ಲಿ ಪ್ರಾಣ ತೆತ್ತರು. ಕಾರನ್ನು ಅಲ್ಲಿಯೇ ಹೂಳಲಾಯಿತು.

1969ರಲ್ಲಿ ಇಂಜಿನಿಯರಿಂಗ್ ಅಧ್ಯಾಪಕ ಓವನ್ ವಿನ್ ಓವನ್ ಅದನ್ನು ಅಗೆದು ತೆಗೆಸಿ, ವರ್ಷಗಟ್ಟಲೆ ದುಡಿದು ಮತ್ತೆ ಓಡಿಸಿದರು. ಸಮಾಧಿಯನ್ನು ಕೆದಕುವುದು ತರವೆ? ತುಕ್ಕು ತಿಂದ ಭಾಗಗಳೆಡೆಗೆ ಹೊಸವು ಕೂಡಿದ ಮೇಲೆ ಅದು ಹಳೆಯ ಬ್ಯಾಬ್ಸ್ ಹೌದೆ? ಹುಳು ಕೊರೆದ ಓಲೆಗರಿಗಳ ಕಾವ್ಯವನ್ನು ಪಾಠ ಹೇಳುವ ನನಗೆ ಈ ಸಂದೇಹ ಅಪರಿಚಿತವಲ್ಲ. ಲುಪ್ತವಾದ ಅಕ್ಷರಗಳನ್ನು ಊಹಿಸಿ ತುಂಬುವ ಒಳ್ಳೆಯ ಸಂಪಾದಕ, ತಾನು ತುಂಬಿದ್ದು ಯಾವುದೆಂದು ಗುರುತಿಟ್ಟು ತೋರಿಸುತ್ತಾನೆ. ಕಾರಿಗೂ ಅದೇ ನ್ಯಾಯ ಸಲ್ಲಬೇಕು. ಸರಪಳಿ ಕಡಿದು ಬಡಿದದ್ದರಿಂದಲೇ ಥಾಮಸರು ಮಡಿದರೆಂಬ ಬಹುಕಾಲದ ನಂಬಿಕೆಯನ್ನು ಪರೀಕ್ಷಿಸಿ ಪ್ರಶ್ನಿಸಲು ಸಾಧ್ಯವಾದುದು, ಆ ಕಬ್ಬಿಣ ಮತ್ತೆ ಬೆಳಕು ಕಂಡದ್ದರಿಂದ.