ಅಡಿಕೆಯ ಮಾಲನ್ನು ದೂರದ ಪೇಟೆಗೆ ಕಳುಹಿಸುವ ಕ್ರಮ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಬೆಳೆಯುವ ಅಡಿಕೆಯ ಬಹುಭಾಗವು ಈ ಸೀಮೆಯಲ್ಲಿಯೇ ಖರ್ಚಾಗತಕ್ಕದ್ದಲ್ಲ. ಚಾಲಿಯು ಗುಜರಾಥ, ದಿಲ್ಲಿ ಮೊದಲಾದ ಉತ್ತರದ ಪ್ರಾಂತಗಳಿಗೆ ಹೋಗಿ ಮಾರಾಟವಾಗುವುದು. ಆದುದರಿಂದ ಅಂಗಳದಲ್ಲಿ ಅಡಿಕೆ ಒಣಗಿದ ದಿನಕ್ಕೆ ತೋಟಗಾರನ ಕೆಲಸ ತೀರಿತೆಂದು ಭಾವಿಸಲಾಗದು. ಶಿರಸಿಯ ಪೇಟೆಯಲ್ಲಿಯೇ ಮಾರುವವನೂ ಸಾಗಣೆಯ ವೆಚ್ಚದಿಂದ ಪಾರಾಗಲಾರನು. ಏಕೆಂದರೆ ಖರೀದಿದಾರನು ಆ ವೆಚ್ಚವನ್ನು ಮನಸ್ಸಿನಲ್ಲಿ ಕಳೆದುಕೊಂಡೇ ದರವನ್ನು ಬರೆಯುವನು. ಸಾಗಣೆಯಲ್ಲಿ ಉಳಿದ ಹಣವೇ ತೋಟಕ್ಕೆ ಹಿಂದಿರುಗುವ ಹಣ.

ಮಾಲು ಹೋಗುವ ದಾರಿಯು ಊರುಗಳ ಭಾಗ್ಯವನ್ನು ಹೇಗೆ ಬದಲಿಸುವುದೆಂಬುದನ್ನು ನಮ್ಮ ಹಿರಿಯರು ಕಂಡಿದ್ದರು. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಶಿರಸಿಗೆ ಬಂದು, ದೇವಿಮನೆ ಘಟ್ಟವನ್ನಿಳಿದು, ಕುಮಟಾ ಬಂದರದಿಂದ ಮುಂಬಯಿಗೆ ಹೋಗುತ್ತಿತ್ತು. ಅಲ್ಲಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ಆ ಶತಮಾನದ ಕೊನೆಯ ಭಾಗದಲ್ಲಿ ಹುಬ್ಬಳ್ಳಿಯ ಕಡೆಯಿಂದ ಮರ್ಮಗೋವಾ ಬಂದರಕ್ಕೆ ರೈಲು ಹಾದಿಯಾಗಲು, ಹತ್ತಿಯು ಘಟ್ಟವನ್ನು ಬಿಟ್ಟು ರೈಲನ್ನು ಹಿಡಿಯಿತು. ಶಿರಸಿಗೆ ಮಾತ್ರ ರೈಲು ಬರಲಿಲ್ಲ. ಯಲ್ಲಾಪುರದ ಮೇಲೆ ಹಾಯಬೇಕಾದ ಹುಬ್ಬಳ್ಳಿ-ಅಂಕೋಲಾ ಹಾದಿಯು 1990ರ ದಶಕದಲ್ಲಿ ಮಂಜೂರಾಗಿಯೂ ಅರಣ್ಯದ ಪ್ರಶ್ನೆಯಿಂದ ಪೂರ್ಣವಾಗದೆ ಉಳಿದಿದೆ. ಆದಕಾರಣ ಶಿರಸಿಯಿಂದ ಹುಬ್ಬಳ್ಳಿಯವರೆಗಿನ ಸುಮಾರು 100 ಕಿಲೋಮೀಟರು ದಾರಿಯನ್ನು ಮಾಲು ಲಾರಿಯಲ್ಲಿಯೇ ಕ್ರಮಿಸಬೇಕು. ನಮ್ಮ ಪಾಲಿಗೆ ರೈಲಿನ ಸಾಗಣೆಯೂ ಲಾರಿಯಿಂದಲೇ ಆರಂಭವಾಗುವುದು.

ಲೆಕ್ಕವನ್ನು ಇಲ್ಲಿಂದಲೇ ಹಿಡಿಯತಕ್ಕದ್ದು. ಶಿರಸಿಯಲ್ಲಿ ತುಂಬಿದ ಲಾರಿಯು ನೇರವಾಗಿ ದಿಲ್ಲಿಗೆ ಹೋದರೆ ಚೀಲಕ್ಕೆ ಎರಡೇ ಸಲ ಹಮಾಲರ ಕೈ ತಗಲುವುದು: ಏರಿಸುವಾಗ ಒಮ್ಮೆ, ಇಳಿಸುವಾಗ ಒಮ್ಮೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕಳುಹಿಸಿದರೆ ಲಾರಿ, ರೈಲು, ಪುನಃ ಲಾರಿ ಎಂದು ಆರು ಸಲ ಏರಿಳಿತವಾಗುವುದು. ಕೇವಲ ರೈಲಿನ ದರವನ್ನು ಲಾರಿಯ ಬಾಡಿಗೆಯೊಡನೆ ಹೋಲಿಸಿ ರೈಲೇ ಅಗ್ಗವೆಂದು ನಿರ್ಣಯಿಸುವವರು ಮೋಸಹೋಗುವರು. ಎರಡೂ ತುದಿಗಳ ಲಾರಿ ಬಾಡಿಗೆ, ನಾಲ್ಕು ಹೆಚ್ಚಿನ ಹಮಾಲಿ, ಚೀಲ ಹರಿದು ಸೋರುವ ನಷ್ಟ, ನಿಲ್ದಾಣದಿಂದ ಮಾಲನ್ನು ಸಕಾಲದಲ್ಲಿ ಎತ್ತದಿದ್ದರೆ ಬೀಳುವ ಶುಲ್ಕ, ಇವೆಲ್ಲವನ್ನೂ ರೈಲಿನ ಲೆಕ್ಕಕ್ಕೆ ಕೂಡಿಸಬೇಕು. ಕೂಡಿಸಿದ ಮೇಲೆಯೂ ಉಳಿತಾಯ ಕಂಡರೆ ಮಾತ್ರ ರೈಲು ಲಾಭದಾಯಕ.

ಆ ಉಳಿತಾಯವು ದೊಡ್ಡ ರಾಶಿಗೇ ಹೊರತು ಹತ್ತು ಚೀಲಕ್ಕೆ ದೊರೆಯದು. ರೈಲಿನ ದೊಡ್ಡ ಪಾರ್ಸೆಲ್ ಡಬ್ಬಿಯೊಂದು ಸುಮಾರು 23 ಟನ್, ಅಂದರೆ 230 ಕ್ವಿಂಟಲ್ ಹಿಡಿಯುವುದು. ಇದು ಸಾಧಾರಣ ತೋಟಗಾರನೊಬ್ಬನ ಫಸಲಿನಿಂದ ತುಂಬುವುದಲ್ಲ. ಆದರೆ ನಾಲ್ಕಾರು ಊರುಗಳು ಒಂದೇ ದರ್ಜೆಯ ಚಾಲಿಯನ್ನು ಒಂದೇ ವಾರದಲ್ಲಿ ಕೂಡಿಸಿದರೆ ತುಂಬುವುದು. ಒಂದುಗೂಡಿ ಮಾರುವ ಪದ್ಧತಿಯು ನಮಗೆ ಹೊಸದಲ್ಲ. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು 1923ರಲ್ಲಿಯೇ ಸ್ಥಾಪಿತವಾಯಿತು. ಲಾರಿ ಮತ್ತು ರೈಲುಗಳನ್ನು ಬೆಸೆಯುವ ಇನ್ನೊಂದು ಉಪಾಯವನ್ನು ಕೊಂಕಣ ರೈಲ್ವೆಯವರು 1999ರಲ್ಲಿ ಗೋವೆಯ ವೆರ್ಣಾ ಮತ್ತು ಮಹಾರಾಷ್ಟ್ರದ ಕೋಲಾಡಗಳ ನಡುವೆ ಆರಂಭಿಸಿದರು. ಅದರಲ್ಲಿ ತುಂಬಿದ ಲಾರಿಯನ್ನೇ ರೈಲಿನ ಮೇಲೆ ಏರಿಸುವುದರಿಂದ ಚೀಲಗಳನ್ನು ಮುಟ್ಟುವ ಪ್ರಮೇಯವೇ ಬಾರದು.

ಮಾಲನ್ನು ಕಳುಹಿಸುವ ಮೊದಲು ಗಮನಿಸತಕ್ಕ ಸಂಗತಿಗಳು ಮೂರು.

ಮೊದಲನೆಯದು ಒಣಗು. ಚಾಲಿಗೆ ಸಾಧಾರಣ 35ರಿಂದ 40 ದಿನಗಳ ಬಿಸಿಲು ಬೇಕು. ಅರೆ ಒಣಗಿದ ಅಡಿಕೆಯು ಮುಚ್ಚಿದ ಗಾಡಿಯ ಸೆಖೆಯಲ್ಲಿ ಬೆವತು ಬೂಸಲು ಹಿಡಿಯುವುದು. ಕೂಡಿಸಿದ ರಾಶಿಯಲ್ಲಿ ಒಬ್ಬನ ಹಸಿ ಅಡಿಕೆಯು ಹತ್ತು ಜನರ ದರವನ್ನು ಕೆಡಿಸುವುದು. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಗುರುತು ದೊರೆತಿರುವಾಗ ಈ ಎಚ್ಚರವು ಇಮ್ಮಡಿ ಅವಶ್ಯಕ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯು ನಮ್ಮ ಸೀಮೆಗೆ ಅಕ್ಷರಶಃ ಸಲ್ಲುವುದು.

ಎರಡನೆಯದು ಕಾಲ. ಮಳೆಗಾಲದಲ್ಲಿ ಘಟ್ಟದ ದಾರಿಗಳನ್ನು ನಂಬಲಾಗದು; 2021ರ ಜುಲೈ ತಿಂಗಳಲ್ಲಿ ಅರಬೈಲು ಘಟ್ಟದಲ್ಲಿ ಗುಡ್ಡವು ಕುಸಿದುದನ್ನು ಯಲ್ಲಾಪುರದವರು ಮರೆತಿರಲಾರರು. ಮಳೆಗೆ ಮುಂಚೆ ಕಳುಹಿಸಲಾಗದ ಮಾಲನ್ನು ಒಳ್ಳೆಯ ವಖಾರಿಯಲ್ಲಿಟ್ಟು, ದಾರಿಯು ನೆಟ್ಟಗಿರುವುದನ್ನು ತಿಳಿದು, ತಾಡಪತ್ರಿ ಬಿಗಿದು ಹೊರಡಿಸತಕ್ಕದ್ದು.

ಮೂರನೆಯದು ಕಾಗದಪತ್ರ. ಇದರಲ್ಲಿಯೇ ನಮ್ಮವರ ಉದಾಸೀನತೆ ಹೆಚ್ಚು. 2007ರ ರಸ್ತೆ ಸಾಗಣೆಯ ಕಾಯಿದೆ ಮತ್ತು ಅದರ ನಿಯಮಗಳ ಮೇರೆಗೆ, ಕಳುಹಿಸುವವನು ಹೆಚ್ಚಿನ ಬೆಲೆಯನ್ನು ಬರೆದುಕೊಡದಿದ್ದರೆ ಸಾಗಣೆದಾರನ ಹೊಣೆಯು ಬಾಡಿಗೆಯ ಹತ್ತು ಪಟ್ಟಿಗೆ ಮಿತವಾದುದು. ಉದಾಹರಣೆಗೆ, ನಾಲ್ಕು ಲಕ್ಷ ರೂಪಾಯಿಯ ಅಡಿಕೆಗೆ ಬಾಡಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿರಿ. ಮಾಲು ಹಾಳಾದರೆ ಕೈಗೆ ಬರುವುದು ಹೆಚ್ಚೆಂದರೆ 60,000 ರೂಪಾಯಿ. ವರ್ಷದ ದುಡಿಮೆಯು ಹೀಗೆ ಒಂದು ಸಾಲಿನ ಬರಹವಿಲ್ಲದೆ ಮುಳುಗುವುದು. ಆದುದರಿಂದ ಚೀಲಗಳ ಸಂಖ್ಯೆ, ತೂಕ, ಬೆಲೆ ಇವನ್ನು ರಸೀತಿಯಲ್ಲಿ ಕಾಣಿಸಿಯೇ ಲಾರಿಯನ್ನು ಬಿಡತಕ್ಕದ್ದು. ವಿಮೆಯನ್ನೂ ಇಳಿಸುವುದು ಲೇಸು. ನಷ್ಟವಾದರೆ ಮಾಲು ಒಪ್ಪಿಸಿದ 180 ದಿನಗಳೊಳಗೆ ಲಾರಿಯವರಿಗೂ, ಆರು ತಿಂಗಳೊಳಗೆ ರೈಲ್ವೆಯವರಿಗೂ ಬರಹದಲ್ಲಿ ನೋಟೀಸು ಮುಟ್ಟಬೇಕು. ಮಾಲಿನ ಬೆಲೆ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲು ಬೇಕು. 2021ರಿಂದ ಅದರ ಅವಧಿಯು 200 ಕಿಲೋಮೀಟರಿಗೆ ಒಂದು ದಿನ. ಅಂದರೆ 2,000 ಕಿಲೋಮೀಟರು ದಾರಿಗೆ ಹತ್ತು ದಿನಗಳ ಅವಕಾಶ.

ಊರ ಮುಖಂಡರು ಈ ವಿಷಯದಲ್ಲಿ ಮುಂದಾಗುವುದು ಉಚಿತ. ಕೊಯಿಲು ಮುಗಿಯುತ್ತಲೇ ಯಾರ ಮನೆಯಲ್ಲಿ ಎಷ್ಟು ಚಾಲಿಯಿದೆ, ಯಾವ ದರ್ಜೆಯದು, ಎಂದಿಗೆ ಸಿದ್ಧವಾಗುವುದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಸಂಘದವರೊಡನೆ ಕುಳಿತು ಎರಡು ದಾರಿಗಳ ಪೂರ್ಣ ಖರ್ಚನ್ನೂ ಮೇಲೆ ಹೇಳಿದಂತೆ ಲೆಕ್ಕಹಾಕಲಿ. ಮಾಲು ಸ್ವಲ್ಪವಿದ್ದರೆ ನೇರ ಲಾರಿ, ಡಬ್ಬಿ ತುಂಬುವಷ್ಟು ಕೂಡಿದರೆ ರೈಲಿನ ದರವನ್ನೂ ವಿಚಾರಿಸುವುದು, ಎರಡರಲ್ಲಿಯೂ ಬೆಲೆ ಬರೆದ ರಸೀತಿ: ಇಷ್ಟನ್ನು ಊರು ಪಾಲಿಸಿದರೆ ದಾರಿಯಲ್ಲಿ ಸೋರುವ ಹಣವು ತೋಟದ ಗೊಬ್ಬರಕ್ಕೂ ಕೂಲಿಗೂ ಉಳಿಯುವುದು.