ಮಗಳು ಪಿಯಾನೋ ನುಡಿಸಿದಳು, ಜಡ್ಜ್ ಕೇಳಿದ್ದೇನು?

ನಿಮ್ಮ ಮಗಳು ಪಿಯಾನೋ ಸ್ಪರ್ಧೆಯಲ್ಲಿ ಒಂದೂ ತಪ್ಪಿಲ್ಲದೆ ನುಡಿಸಿದಳು. ಆದರೆ ಬಹುಮಾನ ಬಂದಿದ್ದು ಮಧ್ಯೆ ಒಂದು ಸ್ವರ ತಪ್ಪಿದ ಹುಡುಗನಿಗೆ! "ಇದೆಂಥಾ ಜಡ್ಜ್‌ಮೆಂಟು ಕಣ್ರೀ?" ಎಂದು ಪಕ್ಕದ ಸೀಟಿನವರ ಹತ್ತಿರ ಗೊಣಗುವುದು ಸಹಜವೇ. ಮಗಳ ಮುಖ ಸಪ್ಪಗಾಗಿದ್ದರಂತೂ ಕೇಳುವುದೇ ಬೇಡ.

ನಾಗಸಂದ್ರ, ದಾಸರಹಳ್ಳಿ, ಯಶವಂತಪುರದ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಸಂಜೆಯಾದರೆ ಕುಕ್ಕರ್ ವಿಷಲ್ ಜೊತೆಗೆ ಕೀಬೋರ್ಡ್ ಸದ್ದೂ ಕೇಳಿಬರುತ್ತದೆ. ಕೀಬೋರ್ಡಿನಲ್ಲಿ ಶುರು ಮಾಡಿದ ಮಕ್ಕಳು ಪಿಯಾನೋ ಪರೀಕ್ಷೆ, ಸ್ಪರ್ಧೆ ಅಂತ ಮುಂದೆ ಹೋಗುತ್ತಾರೆ. ಫೀಸು ಕಟ್ಟುವುದು, ಕ್ಲಾಸಿಗೆ ಕರೆದೊಯ್ಯುವುದು ಎಲ್ಲಾ ಅಮ್ಮನೇ. ಆದರೆ ಹೇಗೆ ನುಡಿಸಿದಳು ಅಂತ ಹೇಳುವ ಹೊತ್ತಿಗೆ "ಆ ಇಂಗ್ಲಿಷ್ ಮ್ಯೂಸಿಕ್ ನಮಗೆಲ್ಲಿ ತಿಳಿಯುತ್ತೆ" ಎಂದು ಹಿಂದೆ ಸರಿಯುತ್ತೇವೆ. ಉಳಿಯುವುದು ಒಂದೇ ಪ್ರಶ್ನೆ, "ಎಷ್ಟನೇ ಪ್ರೈಜ್?" ಪ್ರತಿ ಸಲ ಇದೊಂದೇ ಪ್ರಶ್ನೆ ಕೇಳಿದರೆ, ಬಹುಮಾನ ಬಾರದ ದಿನ ಮಗುವಿಗೆ ನುಡಿಸುವುದೇ ಬೇಡ ಅನಿಸಿಬಿಡಬಹುದು. ನಿಜ ಹೇಳಬೇಕೆಂದರೆ, ಜಡ್ಜ್ ಕೇಳಿಸಿಕೊಳ್ಳುವುದರಲ್ಲಿ ಮುಕ್ಕಾಲು ಪಾಲು ನಿಮ್ಮ ಕಿವಿಗೂ ಕೇಳಿಸುತ್ತದೆ.

ಅರಮನೆಯಲ್ಲೂ ಇತ್ತು ಪಿಯಾನೋ

ಈ ವಾದ್ಯ ನಮಗೆ ಪರಕೀಯವೇನಲ್ಲ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ (1919-1974) ಕ್ರಮವಾಗಿ ಪಿಯಾನೋ ಕಲಿತವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಾಂಚೆರ್ಟೋವನ್ನು ಅವರಿಗೇ ಅರ್ಪಿಸಿದರು. ಇದೇ ಮಹಾರಾಜರು 90ಕ್ಕೂ ಹೆಚ್ಚು ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದ್ದಾರೆ. ಎರಡೂ ಸಂಗೀತ ಒಂದೇ ಕಿವಿಗೆ ದಕ್ಕಿತ್ತು! ಇನ್ನು ನಮ್ಮ ಉತ್ತರ ಬೆಂಗಳೂರಿನ ಆರ್.ಟಿ. ನಗರದಲ್ಲೇ, ಅರುಣಾ ಸುಂದರ್‌ಲಾಲ್ ಅವರು 1987ರಲ್ಲಿ ಸ್ಥಾಪಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ.

ಕೇಳಬೇಕಾದ ಐದು ಸಂಗತಿ

ನಮ್ಮ ಮಕ್ಕಳು ಬರೆಯುವ ಸಂಗೀತ ಪರೀಕ್ಷೆಗಳಲ್ಲಿ ಲಂಡನ್ನಿನ ಎಬಿಆರ್‌ಎಸ್‌ಎಂ ಒಂದು. ಅದರ ಪರೀಕ್ಷಕರು ಪ್ರತಿ ಕೃತಿಯಲ್ಲೂ ಐದು ಸಂಗತಿ ಗಮನಿಸುತ್ತಾರೆ. ಸ್ಪರ್ಧೆಯ ಜಡ್ಜ್‌ಗಳು ಹುಡುಕುವುದೂ ಹೆಚ್ಚುಕಡಿಮೆ ಇವನ್ನೇ.

ಸ್ವರ: ಬೆರಳು ಸರಿಯಾದ ಮನೆಯ ಮೇಲೆ ಬಿತ್ತೇ? ಅಪಸ್ವರ ಎಂಥವರಿಗೂ ತಿಳಿಯುತ್ತದೆ. ನಾವು ಇಲ್ಲಿಗೇ ನಿಂತುಬಿಡುತ್ತೇವೆ, ಜಡ್ಜ್ ಮುಂದೆ ಹೋಗುತ್ತಾರೆ.

ಲಯ: ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕಿ ನೋಡಿ. ಸುಲಭದ ಜಾಗದಲ್ಲಿ ಓಡಿ, ಕಷ್ಟದ ಜಾಗದಲ್ಲಿ ಕುಂಟಿದರೆ ಅಲ್ಲಿ ಅಂಕ ಹೋಗುತ್ತದೆ. ಕೆಲವು ಕೃತಿಗಳಲ್ಲಿ ಬೇಕೆಂದೇ ಕಾಲವನ್ನು ಕೊಂಚ ಎಳೆಯುವುದುಂಟು. ಅದು ಭಾವಕ್ಕಾಗಿ ಎಳೆದಂತಿರಬೇಕು, ತಡವರಿಸಿದಂತಿರಬಾರದು.

ನಾದ: ಪಿಯಾನೋದ ಪೂರ್ತಿ ಹೆಸರು ಪಿಯಾನೋಫೋರ್ಟೆ. ಇಟಾಲಿಯನ್ ಭಾಷೆಯಲ್ಲಿ 'ಮೆಲ್ಲಗೆ, ಜೋರಾಗಿ' ಎಂದರ್ಥ. ಮೆಲುದನಿ, ಗಟ್ಟಿದನಿ ಎರಡೂ ಬರಬೇಕು. ಬಹಳಷ್ಟು ಕೃತಿಗಳಲ್ಲಿ ಬಲಗೈ ಹಾಡುತ್ತಿರುತ್ತದೆ, ಎಡಗೈ ಒತ್ತಾಸೆ ಕೊಡುತ್ತಿರುತ್ತದೆ. ಎಡಗೈಯೇ ಜೋರಾದರೆ ಹಾಡು ಮುಳುಗಿಹೋಗುತ್ತದೆ. ಕಾಲಿನ ಪೆಡಲ್ ಒತ್ತಿಯೇ ಹಿಡಿದರೆ ಸ್ವರಗಳೆಲ್ಲ ಒದ್ದೆ ನೆಲದ ಮೇಲಿನ ರಂಗೋಲಿ ಬಣ್ಣದಂತೆ ಕಲಸಿಹೋಗುತ್ತವೆ.

ಆಕಾರ: ಮಾತಿಗೆ ಅಲ್ಪವಿರಾಮ, ಪೂರ್ಣವಿರಾಮ ಇರುವ ಹಾಗೆ ಸಂಗೀತದ ಸಾಲಿಗೂ ಉಸಿರು ಬೇಕು. ಮಗ್ಗಿ ಒಪ್ಪಿಸಿದಂತೆ ನುಡಿಸುವುದಕ್ಕೂ ಹಾಡಿದಂತೆ ನುಡಿಸುವುದಕ್ಕೂ ಇರುವ ವ್ಯತ್ಯಾಸವೇ ಇದು.

ಪ್ರಸ್ತುತಿ: ಒಟ್ಟಾರೆ ನಮ್ಮನ್ನು ಕೊನೆತನಕ ಹಿಡಿದು ಕೂರಿಸಿತೇ? ತಪ್ಪಿದರೂ ನಿಲ್ಲದೆ ಮುಂದುವರಿದಳೇ?

ಈಗ ಆ ಹುಡುಗನ ಲೆಕ್ಕ ನೋಡಿ. ಅವನು ಸ್ವರದಲ್ಲಿ ಚೂರು ಕಳೆದುಕೊಂಡಿದ್ದಾನೆ. ಉಳಿದ ನಾಲ್ಕರಲ್ಲಿ ನಿಮ್ಮ ಮಗಳಿಗಿಂತ ಮುಂದಿದ್ದರೆ ಬಹುಮಾನ ಅವನದೇ!

ಪರೀಕ್ಷೆಯೇ ಬೇರೆ, ಸ್ಪರ್ಧೆಯೇ ಬೇರೆ

ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆಗೆ ಒಟ್ಟು 150 ಅಂಕ. 100 ಬಂದರೆ ಪಾಸ್, 120ಕ್ಕೆ ಮೆರಿಟ್, 130ಕ್ಕೆ ಡಿಸ್ಟಿಂಕ್ಷನ್. ಟ್ರಿನಿಟಿ ಪರೀಕ್ಷೆಯಲ್ಲಿ 100ಕ್ಕೆ 60 ಪಾಸ್, 87 ಡಿಸ್ಟಿಂಕ್ಷನ್. ಎಲ್ಲರೂ ಚೆನ್ನಾಗಿ ನುಡಿಸಿದರೆ ಎಲ್ಲರಿಗೂ ಡಿಸ್ಟಿಂಕ್ಷನ್ ಸಿಗಬಹುದು. ಸ್ಪರ್ಧೆಯಲ್ಲಿ ಹಾಗಲ್ಲ, ಮೊದಲ ಸ್ಥಾನ ಒಬ್ಬರಿಗೇ. ಡಿಸ್ಟಿಂಕ್ಷನ್ ತಂದ ಮಗುವೇ ಸ್ಪರ್ಧೆಯಿಂದ ಬರಿಗೈಲಿ ಬರಬಹುದು. ಅಷ್ಟಕ್ಕೇ ಅವಳ ಸಂಗೀತ ಕೆಟ್ಟುಹೋಯಿತೇ?

ಜಡ್ಜ್‌ಗಳೂ ಮನುಷ್ಯರೇ

ಪೋಲೆಂಡಿನ ವಾರ್ಸಾದಲ್ಲಿ 1927ರಿಂದ ನಡೆಯುತ್ತಿರುವ ಶೋಪಾನ್ ಸ್ಪರ್ಧೆ ಪಿಯಾನೋ ಲೋಕದ ಒಲಿಂಪಿಕ್ಸ್ ಇದ್ದಂತೆ. 1980ರಲ್ಲಿ ಅಲ್ಲಿ ಈವೋ ಪೊಗೊರೆಲಿಚ್ ಎಂಬ ತರುಣನಿಗೆ ಫೈನಲ್ ಪ್ರವೇಶ ಸಿಗಲಿಲ್ಲ. ಅವನೊಬ್ಬ ಅಸಾಧಾರಣ ಪ್ರತಿಭಾವಂತ ಎಂದು ವಾದಿಸಿದ ಮಾರ್ತಾ ಆರ್ಗೆರಿಚ್ ತೀರ್ಪುಗಾರರ ಮಂಡಳಿಯಿಂದಲೇ ಹೊರನಡೆದರು. ಆಕೆ 1965ರಲ್ಲಿ ಇದೇ ಸ್ಪರ್ಧೆ ಗೆದ್ದವರು! ಆ ವರ್ಷ ಗೆದ್ದದ್ದು ವಿಯೆಟ್ನಾಮಿನ ಡಾಂಗ್ ಥಾಯ್ ಸನ್. 2021ರಲ್ಲಿ ಅವರ ಶಿಷ್ಯ ಬ್ರೂಸ್ ಲಿಯು ಗೆದ್ದರು. ಸೋತ ಪೊಗೊರೆಲಿಚ್ ಕೂಡ ಜಗತ್ಪ್ರಸಿದ್ಧರಾದರು. ಮಹಾನ್ ಕಿವಿಗಳೇ ಒಂದು ಮಾತಿಗೆ ಬರದಿದ್ದಾಗ, ನಮ್ಮ ಬಡಾವಣೆಯ ಸ್ಪರ್ಧೆಯ ತೀರ್ಪನ್ನು ಬ್ರಹ್ಮಲಿಖಿತ ಅಂದುಕೊಳ್ಳಬೇಕೇ?

ಇನ್ನೊಂದು ಸ್ವಾರಸ್ಯ ಕೇಳಿ. ಚಿಯಾ-ಜುಂಗ್ ತ್ಸೇ ಎಂಬ ಸಂಶೋಧಕಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಂಗೀತ ಸ್ಪರ್ಧೆಯಲ್ಲಿ ಗೆದ್ದವರು ಯಾರು ಎಂಬುದನ್ನು, ಬರೀ ಸಂಗೀತ ಕೇಳಿದವರಿಗಿಂತ ಸದ್ದಿಲ್ಲದ ವಿಡಿಯೋ ನೋಡಿದವರೇ ಹೆಚ್ಚು ಸರಿಯಾಗಿ ಗುರುತಿಸಿದ್ದರು. ಪಳಗಿದ ಸಂಗೀತಗಾರರೂ ಇದಕ್ಕೆ ಹೊರತಾಗಿರಲಿಲ್ಲ. ಹಾಗಾಗಿ ವೇದಿಕೆಗೆ ನಡೆದು ಬರುವುದು, ಕೂರುವುದು, ನಮಸ್ಕರಿಸುವುದು ಎಲ್ಲವೂ ತಯಾರಿಯ ಭಾಗವೇ.

ಅಮ್ಮಂದಿರಿಗೆ ಒಂದಿಷ್ಟು ಕಿವಿಮಾತು

• ಮನೆಯ ಕೀಬೋರ್ಡಿನ ಕೀಲಿ ಹಗುರ, ಪಿಯಾನೋದ್ದು ಭಾರ. ಸ್ಪರ್ಧೆಗೆ ಮುಂಚೆ ನಾಲ್ಕಾರು ಸಲವಾದರೂ ನಿಜವಾದ ಪಿಯಾನೋದಲ್ಲಿ ಅಭ್ಯಾಸವಾಗಲಿ.

• ಸೀಟನ್ನು ತನ್ನ ಎತ್ತರಕ್ಕೆ ತಾನೇ ಸರಿಮಾಡಿಕೊಳ್ಳುವುದನ್ನು ಕಲಿಸಿ. ಆ ಅರ್ಧ ನಿಮಿಷದಲ್ಲಿ ಎದೆಬಡಿತವೂ ತಹಬಂದಿಗೆ ಬರುತ್ತದೆ.

• ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಎರಡು ದಿನ ಬಿಟ್ಟು ಮಗಳ ಜೊತೆ ಕೂತು ನೋಡಿ. ಒಮ್ಮೆ ಕಣ್ಣು ಮುಚ್ಚಿ ಕೇಳಿ, ಇನ್ನೊಮ್ಮೆ ಸದ್ದು ಆಫ್ ಮಾಡಿ ನೋಡಿ.

• ಫಲಿತಾಂಶ ಬರುವ ಮೊದಲೇ ನಿಮಗೆ ಹಿಡಿಸಿದ ಒಂದು ಜಾಗವನ್ನು ಹೇಳಿ. "ಚೆನ್ನಾಗಿತ್ತು ಪುಟ್ಟಿ" ಅಂದರೆ ಸಾಲದು. "ಕೊನೆಯಲ್ಲಿ ಮೆಲ್ಲಗಾಯ್ತಲ್ಲ, ಅಲ್ಲಿ ನಾನು ಉಸಿರೇ ಬಿಡಲಿಲ್ಲ" ಅನ್ನಿ. ಅವಳು ಅದನ್ನು ಮರೆಯುವುದಿಲ್ಲ.

• ಮಗುವಿನ ಎದುರು ಜಡ್ಜ್‌ಗಳನ್ನು ಬೈಯಬೇಡಿ. ಅಂಕಪಟ್ಟಿಯಲ್ಲಿ ಟಿಪ್ಪಣಿ ಇದ್ದರೆ ಮೇಷ್ಟ್ರ ಜೊತೆ ಕೂತು ಓದಿ, ಐದರಲ್ಲಿ ಒಂದನ್ನು ಮಾತ್ರ ಮುಂದಿನ ಸಲಕ್ಕೆ ಆರಿಸಿಕೊಳ್ಳಿ.

ಎಸ್ಸೆಸ್ಸೆಲ್ಸಿ ಬಂತೆಂದರೆ ಕೀಬೋರ್ಡ್ ಮಂಚದ ಕೆಳಗೆ ಸೇರುವ ಮನೆಗಳು ಎಷ್ಟಿಲ್ಲ! ಟ್ಯೂಷನ್ ಒತ್ತಡ ಇದ್ದದ್ದೇ. ಆದರೆ ತಾನು ನುಡಿಸುವುದನ್ನು ಮನೆಯಲ್ಲಿ ಯಾರಾದರೂ ಕೇಳುತ್ತಾರೆ ಅನ್ನುವ ಮಗು ಅದನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇವತ್ತು ಸಂಜೆ ಹುಳಿ ಕುದಿಯಲು ಬಿಟ್ಟು, ಉರಿ ಸಣ್ಣ ಮಾಡಿ, ಹತ್ತು ನಿಮಿಷ ಅವಳ ಪಕ್ಕ ಕೂತು ತಾಳ ಹಾಕಿ ನೋಡಿ. ಜಡ್ಜ್ ಒಂದೇ ದಿನ ಕೇಳುತ್ತಾರೆ, ನೀವು ದಿನಾ ಕೇಳಬಹುದಲ್ಲ?